ಹದಿನೆಂಟು ತುಂಬಿದ ಮಕ್ಕಳಿಗೆ ಊರು ಎಲ್ಲಿದೆ?



ಮೇ ತಿಂಗಳು ಬಂತೆಂದರೆ ನಮ್ಮೆಲ್ಲರ ಹೋಟೆಲ್‌ಗಳಲ್ಲಿ ರಜೆಯ ಗಡಿಬಿಡಿ. ಭಟ್ಟರಿಗೆ ಊರಿನಲ್ಲಿ ತಂಗಿಯ ಮದುವೆ, ಸಪ್ಲೈಯರನಿಗೆ ಮಳೆಗಾಲಕ್ಕೆ ಮೊದಲು ಮನೆಯ ಮಾಡು ಸರಿಪಡಿಸಬೇಕು, ಕ್ಲೀನರ್ ಹುಡುಗನಿಗೆ ಅಮ್ಮನ ನೆನಪು. ಯಾರನ್ನು ಮೊದಲು ಕಳುಹಿಸುವುದೆಂದು ನಾವು ತಲೆ ಕೆರೆದುಕೊಳ್ಳುತ್ತೇವೆ. ಚೆಂಬೂರಿನ ನಮ್ಮ ಹೋಟೆಲ್‌ನಲ್ಲಿ 2018ರಿಂದ ಇರುವ ಒಬ್ಬ ಹುಡುಗ ಮಾತ್ರ ಊರಿಗೆಂದು ಒಂದು ದಿನವೂ ರಜೆ ಕೇಳಿದವನಲ್ಲ. ಅವನಿಗೆ ಊರೇ ಇಲ್ಲ. ಅವನು ಬೆಳೆದದ್ದು ಬಾಲಗೃಹದಲ್ಲಿ.

ತಂದೆತಾಯಿ ಇಲ್ಲದ, ಇದ್ದರೂ ಸಾಕಲಾಗದ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯವರು ಬಾಲಗೃಹಕ್ಕೆ ಸೇರಿಸುತ್ತಾರೆ. ಅಲ್ಲಿ ಊಟ, ಬಟ್ಟೆ, ಶಾಲೆ ಎಲ್ಲ ಉಂಟು. ಆದರೆ ಹದಿನೆಂಟು ತುಂಬಿದ ಮೇಲೆ ಅಲ್ಲಿ ಜಾಗ ಇಲ್ಲ. ನಮ್ಮ ಮನೆಯ ಮಕ್ಕಳು ಹದಿನೆಂಟಕ್ಕೆ ಬೈಕ್ ಬೇಕೆಂದು ಹಟ ಮಾಡುತ್ತಾರೆ. ಇವರು ಅದೇ ವಯಸ್ಸಿನಲ್ಲಿ ಒಂದು ಪೆಟ್ಟಿಗೆ ಹಿಡಿದುಕೊಂಡು ಗೇಟಿನ ಹೊರಗೆ ನಿಲ್ಲುತ್ತಾರೆ.

ನಾವು ಮುಂಬಯಿಗೆ ಬಂದದ್ದೂ ಒಂದು ಪೆಟ್ಟಿಗೆ ಹಿಡಿದುಕೊಂಡೇ. ಆದರೆ ಬಸ್ಸಿನಿಂದ ಇಳಿದಾಗ ಸೋದರಮಾವ ನಿಂತಿದ್ದರು. ಹಗಲು ಹೋಟೆಲ್ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ, ಹತ್ತನೆಯ ತರಗತಿ ಪಾಸಾದದ್ದು ಹಾಗೆ. 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರೂ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು, ಅಡುಗೆಮನೆಯಲ್ಲಿ ದುಡಿದು ಮೇಲೆ ಬಂದವರು. ನಮ್ಮ ಉದ್ಯಮದಲ್ಲಿ ಇಂಥ ಕತೆ ಎಷ್ಟೋ ಇವೆ. ಅಷ್ಟು ಸಣ್ಣ ಮಕ್ಕಳನ್ನು ದುಡಿಸುವುದು ತಪ್ಪು ಎಂಬುದು ಬೇರೆ ಮಾತು. ಹದಿನಾಲ್ಕರ ಒಳಗಿನವರನ್ನು ಹೋಟೆಲ್‌ನಲ್ಲಿ ಇಟ್ಟುಕೊಳ್ಳುವುದಕ್ಕೆ 2006ರ ಅಕ್ಟೋಬರ್ 10ರಿಂದ ನಿಷೇಧ ಬಂತು, ಒಳ್ಳೆಯದೇ ಆಯಿತು. ಆದರೆ ನಾವು ಮೇಲೆ ಬಂದದ್ದು ಬರೇ ಕೆಲಸ ಸಿಕ್ಕಿದ್ದರಿಂದ ಅಲ್ಲ. ಬೆನ್ನ ಹಿಂದೆ ಒಬ್ಬ ಮಾವ, ಒಬ್ಬ ಅಣ್ಣ, ಊರಿನವರೆಂದು ಹೇಳಿಕೊಳ್ಳುವ ಒಬ್ಬರು ಇದ್ದರು. ಬಾಲಗೃಹದ ಮಕ್ಕಳಿಗೆ ಇಲ್ಲದಿರುವುದು ಅದು.

ಇದು ನಮಗೆ ಅರ್ಥವಾದದ್ದು ಒಂದು ದೊಡ್ಡ ತಪ್ಪು ಮಾಡಿದ ನಂತರ. ಅದನ್ನೂ ಇಲ್ಲಿ ಹೇಳಲೇಬೇಕು.

2016ರಲ್ಲಿ ನಮ್ಮ ಗಿರಾಕಿಯೊಬ್ಬರ ಮಾತಿನ ಮೇಲೆ ಬಾಲಗೃಹದಿಂದ ಹೊರಬಂದ ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡೆವು. ಮೂರನೆಯ ವಾರ, ರಾತ್ರಿ ಲೆಕ್ಕ ಮಾಡುವಾಗ ಗಲ್ಲೆಯಲ್ಲಿ 1,800 ರೂಪಾಯಿ ಕಡಿಮೆ. ಯಾರೋ ಮೆಲ್ಲನೆ “ಆಶ್ರಮದ ಹುಡುಗ ಇದ್ದಾನಲ್ಲ” ಎಂದರು. ಇಪ್ಪತ್ತೆರಡು ಜನ ಕೆಲಸದವರಲ್ಲಿ ನಾವು ಕರೆದದ್ದು ಅವನೊಬ್ಬನನ್ನೇ. ಎಲ್ಲರ ಎದುರು ಅವನ ಪೆಟ್ಟಿಗೆ ತೆರೆಸಿದೆವು. ಎರಡು ಅಂಗಿ, ಶಾಲೆಯ ಸರ್ಟಿಫಿಕೇಟು, ಬಾಲಗೃಹದ ವಾರ್ಷಿಕೋತ್ಸವದ ಒಂದು ಫೋಟೋ. ಅಷ್ಟೇ. ಅವನು ಒಂದು ಮಾತೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ನೋಡುತ್ತಾರೆ, ತರಕಾರಿಯವನಿಗೆ ಕೊಟ್ಟ ಹಣ ಪುಸ್ತಕದಲ್ಲಿ ಬರೆಯಲು ಬಿಟ್ಟುಹೋಗಿತ್ತು. ಹುಡುಗನನ್ನು ಕರೆಯಿರಿ ಎಂದೆವು. ಅವನು ಹಾಲಿನ ಗಾಡಿ ಬರುವ ಮೊದಲೇ ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದ. ಮೂರು ವಾರದ ಸಂಬಳವನ್ನೂ ಕೇಳಲಿಲ್ಲ. ಬಾಲಗೃಹಕ್ಕೆ ಹೋಗಿ ವಿಚಾರಿಸಿದೆವು, ಅಲ್ಲಿಗೂ ಹೋಗಿರಲಿಲ್ಲ. ಬೇರೆ ಹುಡುಗನಾಗಿದ್ದರೆ ಅವನ ಅಪ್ಪ ಊರಿನಿಂದ ಫೋನ್ ಮಾಡಿ ನಮಗೆ ಬೈಯುತ್ತಿದ್ದರು. ಇವನ ಪರವಾಗಿ ಬೈಯುವವರೂ ಇರಲಿಲ್ಲ.

2018ರಲ್ಲಿ ಇನ್ನೊಬ್ಬ ಹುಡುಗನನ್ನು ಕೇಳಿದಾಗ ಬಾಲಗೃಹದ ಅಧೀಕ್ಷಕರು ಕೂಡಲೇ ಒಪ್ಪಲಿಲ್ಲ. ಅವರು ಹಿಂಜರಿದದ್ದು ಸರಿಯೇ. ಈ ಸಲ ನಾವು ಹುಡುಗನನ್ನು ನಮ್ಮ ಕುಂದಾಪುರದ ದೋಸೆ ಭಟ್ಟರ ಕೈಗೆ ಒಪ್ಪಿಸಿದೆವು. “ಇವನ ಜವಾಬ್ದಾರಿ ನಿಮ್ಮದು, ಏನಿದ್ದರೂ ಮೊದಲು ನಮಗೆ ಹೇಳಿ” ಎಂದೆವು. ಭಟ್ಟರು ಅವನನ್ನು “ಮಾಣಿ” ಎಂದು ಕರೆದರು, ಇಂದಿಗೂ ಹಾಗೆಯೇ ಕರೆಯುತ್ತಾರೆ.

ಮೊದಲ ಸಂಬಳ ನಾಲ್ಕೇ ದಿನದಲ್ಲಿ ಖಾಲಿ. ಒಂದು ಮೊಬೈಲ್, ಉಳಿದದ್ದರಲ್ಲಿ ಬಾಲಗೃಹದ ಗೆಳೆಯರಿಗೆ ತಿಂಡಿ. ನಮಗೆ ಸಿಟ್ಟು ಬಂತು. ನಮ್ಮ ಮನೆಯವರು ಹೇಳಿದರು, “ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದ ಹುಡುಗ. ದುಡ್ಡು ಕೈಯಲ್ಲಿ ಹಿಡಿದದ್ದು ಯಾವಾಗ?” ಹೌದಲ್ಲ! ಬ್ಯಾಂಕಿನ ಫಾರಂ ತುಂಬುವುದು, ಜ್ವರ ಬಂದರೆ ಯಾವ ಡಾಕ್ಟರಲ್ಲಿಗೆ ಹೋಗುವುದು, ಇದನ್ನೆಲ್ಲ ನಮ್ಮ ಮಕ್ಕಳು ಮನೆಯಲ್ಲಿ ನೋಡಿ ಕಲಿಯುತ್ತಾರೆ. ಅವನಿಗೆ ಒಂದೊಂದಾಗಿ ಹೇಳಿಕೊಡಬೇಕಾಯಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ದಾರಿ ತೆರೆದ ಕೂಡಲೇ ಕೆಲಸದವರೆಲ್ಲ ಊರಿಗೆ ಹೊರಟರು, ಮಾಣಿ ಉಳಿದ. “ಶೇಠ್, ನಾನು ಎಲ್ಲಿಗೆ ಹೋಗಲಿ?” ಎಂದ. ಪಾರ್ಸೆಲ್ ಆರಂಭಿಸಿದಾಗ ಹಿಟ್ಟು ರುಬ್ಬಲು, ದೋಸೆ ಹೊಯ್ಯಲು, ಕಟ್ಟಿಕೊಡಲು ಅವನೊಬ್ಬನೇ ನಮ್ಮ ಜೊತೆಗಿದ್ದ. ಗಲ್ಲೆಯ ಕೀಲಿಕೈಯೂ ಅವನ ಹತ್ತಿರವೇ ಇತ್ತು. ಈಗ ಅವನು ದೋಸೆ ಭಟ್ಟರ ಜೊತೆ ಸರಿಸಮ ಕೆಲಸ ಮಾಡುತ್ತಾನೆ. ಗೋವಂಡಿಯಲ್ಲಿ ಇಬ್ಬರ ಜೊತೆ ಬಾಡಿಗೆಯ ಖೋಲಿ ಮಾಡಿದ್ದಾನೆ. ಖೋಲಿಯ ಕಾಗದಕ್ಕೆ ಜಾಮೀನು ನಾವು ಹಾಕಿದೆವು.

ಬಂಧುಗಳಿಗೆ ಕೆಲವು ಮಾಹಿತಿ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಹೊರಬಂದ ಮಕ್ಕಳಿಗೆ ನಂತರದ ಆರೈಕೆಗೆ ಅವಕಾಶ ಇದೆ. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಕೊಡಬಹುದು. ಮಹಾರಾಷ್ಟ್ರದಲ್ಲಿ ಇಂಥವರಿಗಾಗಿ ಅನುರಕ್ಷಣ ಗೃಹಗಳಿವೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ವಿಚಾರಿಸಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಎಷ್ಟೋ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಒಂದು ದಿನ ಅವರ ಜೊತೆ ಆ ಆಫೀಸಿಗೆ ಹೋಗಿ ಬಂದರೆ ಅದೇ ದೊಡ್ಡ ಉಪಕಾರ.

ಇಂಥ ಹುಡುಗನನ್ನು ಇಟ್ಟುಕೊಳ್ಳುವವರಿಗೆ ನಮ್ಮ ಅನುಭವದ ನಾಲ್ಕು ಮಾತು. ಹದಿನೆಂಟು ತುಂಬಿದ ದಾಖಲೆ ನೋಡಿ, ಬಾಲಗೃಹದ ಮೂಲಕವೇ ಕರೆಸಿಕೊಳ್ಳಿ. ಕೇಳುವವರಿಲ್ಲವೆಂದು ಸಂಬಳ ಕಡಿಮೆ ಮಾಡಬೇಡಿ. ಉಳಿದವರಿಗೆ ಕೊಟ್ಟಷ್ಟೇ ಕೊಡಿ, ಅವನದೇ ಬ್ಯಾಂಕ್ ಖಾತೆಗೆ ಹಾಕಿ, ಪಿಎಫ್, ಇಎಸ್‌ಐ ಮಾಡಿಸಿ. ಮಲಗಲು ಸರಿಯಾದ ಜಾಗ, ಸಾಮಾನಿಗೆ ಬೀಗ ಇರುವ ಒಂದು ಕಪಾಟು ಕೊಡಿ. ಓದುವ ಮನಸ್ಸಿದ್ದರೆ ರಾತ್ರಿ ಕಾಲೇಜಿಗೆ, ಪರೀಕ್ಷೆಗೆ ಬಿಡಿ. ಆಹಾರ ಸುರಕ್ಷತೆಯ ಫೋಸ್ಟ್ಯಾಕ್ ತರಬೇತಿಗೆ ಕಳುಹಿಸಿದರೆ ಬೇರೆ ಕಡೆಗೆ ಹೋದಾಗಲೂ ಆ ಸರ್ಟಿಫಿಕೇಟು ಉಪಯೋಗಕ್ಕೆ ಬರುತ್ತದೆ. ಎಲ್ಲಿ ಬೆಳೆದವನೆಂದು ಊರಿಗೆಲ್ಲ ಸಾರಬೇಡಿ. ಹಬ್ಬದ ದಿನ ಮನೆಗೆ ಊಟಕ್ಕೆ ಕರೆಯಿರಿ. ಗಲ್ಲೆಯಲ್ಲಿ ಹಣ ಕಡಿಮೆ ಬಂದರೆ ಮೊದಲು ಪುಸ್ತಕ ನೋಡಿ.

ಹುಡುಗಿಯರೂ ಹೀಗೆಯೇ ಹೊರಗೆ ಬರುತ್ತಾರೆ. ಅವರಿಗೆ ನಮ್ಮ ಹೋಟೆಲ್‌ಗಳಲ್ಲಿ ವಸತಿ ಕೊಡುವುದು ಕಷ್ಟ. ಆದರೆ ಹಾಸ್ಟೆಲ್‌ನಲ್ಲಿ ಇರುವವರಿಗೆ ಬಿಲ್ಲಿಂಗ್, ಲೆಕ್ಕ, ಸ್ಟೋರ್‌ನಂಥ ಹಗಲಿನ ಕೆಲಸ ಕೊಡಬಹುದು.

ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬ ಮಾತು ನಮ್ಮ ಪ್ರತಿ ಸಭೆಯಲ್ಲೂ ಬರುತ್ತದೆ. ಅದಕ್ಕೆ ಇದೇ ಉಪಾಯ ಎಂದು ನಾವು ಹೇಳುತ್ತಿಲ್ಲ. ಈ ಹುಡುಗರಿಗೆ ಸಮಯ ಕೊಡಬೇಕಾಗುತ್ತದೆ, ಕೆಲವರು ಬಿಟ್ಟುಹೋಗಲೂಬಹುದು. ಒಂದು ಕಾಲದಲ್ಲಿ ನಮಗೆ ಸಿಕ್ಕಿದ್ದನ್ನು ಒಬ್ಬೊಬ್ಬರು ಒಬ್ಬೊಬ್ಬನಿಗೆ ಕೊಟ್ಟರೆ ಸಾಕು.

ಆ ಮೊದಲ ಹುಡುಗನಿಗೆ ಈಗ ಇಪ್ಪತ್ತೇಳು ದಾಟಿರಬೇಕು. ಕೆಲಸ ಕಲಿಯಲು ಚುರುಕಾಗಿದ್ದ, ಬಹುಶಃ ಹೋಟೆಲ್ ಕೆಲಸದಲ್ಲೇ ಇರಬಹುದು. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ, ಅವನನ್ನು ಚೆನ್ನಾಗಿ ನೋಡಿಕೊಳ್ಳಿ. ಅವನ ಮೂರು ವಾರದ ಸಂಬಳ ನಮ್ಮಲ್ಲಿ ಹಾಗೆಯೇ ಇದೆ.