ಹುಡುಗ ಓದುವುದಿಲ್ಲ ಎನ್ನುವ ಮೊದಲು

ಹನ್ನೆರಡು ಹದಿಮೂರು ವರ್ಷದ ಹೊತ್ತಿಗೆ ಅನೇಕ ಹುಡುಗರ ಕೈಯಿಂದ ಪುಸ್ತಕ ಜಾರುತ್ತದೆ. ಐದನೇ ತರಗತಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದವನು ಎಂಟನೆಯದಕ್ಕೆ ಬರುವಷ್ಟರಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಇದು ಕರ್ನಾಟಕದ ಮನೆಗಳಲ್ಲಷ್ಟೇ ಕಾಣುವ ಸಂಗತಿಯೂ ಅಲ್ಲ. ಹದಿನೈದು ವರ್ಷದ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವ ಅಂತರರಾಷ್ಟ್ರೀಯ ‘ಪಿಸಾ’ ಪರೀಕ್ಷೆ 2018ರಲ್ಲಿ ನಡೆದಾಗ ಓದಿನ ವಿಭಾಗದಲ್ಲಿ ಹುಡುಗಿಯರು ಹುಡುಗರಿಗಿಂತ ಮುಂದಿದ್ದರು. ಒಇಸಿಡಿ ಕೂಟದ ದೇಶಗಳ ಸರಾಸರಿಯಲ್ಲಿ ಅಂತರ 30 ಅಂಕ. ಭಾರತ ಆ ಸಲ ಪರೀಕ್ಷೆಯಲ್ಲಿ ಭಾಗವಹಿಸಿರಲಿಲ್ಲ. ಆದರೂ ಇಲ್ಲಿನ ಯಾವುದೇ ಶಾಲೆಯ ಗ್ರಂಥಾಲಯದ ಮೇಷ್ಟ್ರನ್ನು ಕೇಳಿದರೆ ಉತ್ತರ ಬೇರೆಯಾಗಿರುವುದು ಅನುಮಾನ.

ಹುಡುಗರಿಗೆ ಓದುವ ಬುದ್ಧಿಯೇ ಇಲ್ಲ, ಮೊಬೈಲು ಕೆಡಿಸಿತು ಎಂಬುದು ಸುಲಭದ ತೀರ್ಮಾನ. ಮೊಬೈಲಿಗೆ ಅದರ ಪಾಲಿನ ತಪ್ಪು ಇದ್ದೇ ಇದೆ. ಆದರೆ ಅಮೆರಿಕದ ಮೈಕೆಲ್ ಸ್ಮಿತ್ ಮತ್ತು ಜೆಫ್ರಿ ವಿಲ್‌ಹೆಲ್ಮ್ ಎಂಬ ಶಿಕ್ಷಣತಜ್ಞರು ಹುಡುಗರ ಓದನ್ನು ಹತ್ತಿರದಿಂದ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತ್ತು; ಸ್ಮಾರ್ಟ್‌ಫೋನ್ ಆಗಿನ್ನೂ ಹುಡುಗರ ಜೇಬಿಗೆ ಬಂದಿರಲಿಲ್ಲ. ಓದುವುದಿಲ್ಲ ಎಂದು ಹೆಸರು ಕೆಡಿಸಿಕೊಂಡ ಹುಡುಗರು ಶಾಲೆಯ ಹೊರಗೆ ಆಟದ ಸುದ್ದಿ, ಯಂತ್ರಗಳ ಕೈಪಿಡಿ, ತಮಗೆ ಹುಚ್ಚು ಹಿಡಿಸಿದ ವಿಷಯದ ಪತ್ರಿಕೆಗಳನ್ನು ಓದುತ್ತಲೇ ಇದ್ದರು. ಅವರಿಗೆ ಒಗ್ಗದಿದ್ದದ್ದು ಶಾಲೆ ಕೊಡುತ್ತಿದ್ದ ಪುಸ್ತಕ ಮತ್ತು ಅದನ್ನು ಓದಿಸುತ್ತಿದ್ದ ರೀತಿ. ಇಲ್ಲಿಯೂ ಕ್ರಿಕೆಟ್ ಅಂಕಿಅಂಶ, ಬೈಕಿನ ಎಂಜಿನ್ ವಿವರಗಳನ್ನು ಬಾಯಿಪಾಠ ಹೇಳುವ ಹುಡುಗ ‘ಓದದವನು’ ಎಂಬ ಪಟ್ಟಿಯಲ್ಲೇ ಇರುತ್ತಾನೆ.

ಕನ್ನಡದಲ್ಲಿ ತೊಂದರೆ ಸ್ವಲ್ಪ ಬೇರೆ. ಮಕ್ಕಳ ಸಾಹಿತ್ಯ ಎಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಪುಸ್ತಕ ಎಂಟು ಹತ್ತು ವರ್ಷದವರಿಗೆ ಹೇಳಿ ಮಾಡಿಸಿದ್ದು. ಕೊನೆಯ ಪುಟದಲ್ಲಿ ನೀತಿ ಕಾದು ಕುಳಿತಿರುತ್ತದೆ. ಮೀಸೆ ಚಿಗುರುತ್ತಿರುವವನಿಗೆ ಜಾಣ ಮೊಲದ ಕಥೆ ಕೊಟ್ಟರೆ ಅವನಿಗೆ ಅವಮಾನವಾಗುತ್ತದೆ, ಆಗಬೇಕಾದದ್ದೇ. ಅದನ್ನು ಬಿಟ್ಟರೆ ಎದುರಾಗುವುದು ದೊಡ್ಡವರ ಕಾದಂಬರಿ. ಇವೆರಡರ ನಡುವೆ ಹದಿಹರೆಯಕ್ಕೆಂದೇ ಒಂದು ಕಪಾಟು ಕನ್ನಡದಲ್ಲಿ ಸರಿಯಾಗಿ ಬೆಳೆಯಲೇ ಇಲ್ಲ.

ಹಿಂದೆ ಕಪಾಟು ಇಲ್ಲದಿದ್ದರೂ ದಾರಿಯೊಂದಿತ್ತು. ‘ಚಂದಮಾಮ’, ‘ಬಾಲಮಿತ್ರ’ಗಳಿಂದ ಶುರು ಮಾಡಿದ ಹುಡುಗ ಇಂದ್ರಜಾಲ ಕಾಮಿಕ್ಸ್‌ಗೂ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಕಟ್ಟಿ ಬೆಳೆಸಿದ ಅಮರ ಚಿತ್ರಕಥೆಗೂ ಹಾಯುತ್ತಿದ್ದ. ರಾಷ್ಟ್ರೋತ್ಥಾನ ಸಾಹಿತ್ಯದವರು ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ತಂದ ‘ಭಾರತ ಭಾರತಿ’ಯ 510 ಪುಟ್ಟ ಜೀವನಚರಿತ್ರೆಗಳು ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು. ಆಮೇಲಿನದು ಬೀದಿ ತಿರುವಿನ ಸರ್ಕ್ಯುಲೇಟಿಂಗ್ ಲೈಬ್ರರಿ. ಅಲ್ಲಿ ದಿನಬಾಡಿಗೆಗೆ ಪತ್ತೇದಾರಿ ಕಾದಂಬರಿ ಸಿಗುತ್ತಿತ್ತು. ಎನ್. ನರಸಿಂಹಯ್ಯ ನೂರಾರು ಪತ್ತೇದಾರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಪಠ್ಯಪುಸ್ತಕದೊಳಗೆ ಕಾದಂಬರಿ ಅಡಗಿಸಿಟ್ಟು ಓದಿದ ಒಂದು ತಲೆಮಾರೇ ಇದೆ. ಮೇಷ್ಟ್ರು ಕಂಡರೆ ಕಿತ್ತುಕೊಳ್ಳುತ್ತಿದ್ದರು, ವಿಮರ್ಶಕರು ಅದನ್ನು ಸಾಹಿತ್ಯ ಎನ್ನಲಿಲ್ಲ. ಒಂದೇ ಉಸಿರಿಗೆ ನೂರೈವತ್ತು ಪುಟ ಓದಿ ಮುಗಿಸುವ ಅಭ್ಯಾಸವನ್ನು ಆ ಹುಡುಗರಿಗೆ ಕಲಿಸಿದ್ದು ಮಾತ್ರ ಆ ಪುಸ್ತಕಗಳೇ. ಬಾಡಿಗೆ ಲೈಬ್ರರಿಗಳು ಮುಚ್ಚಿದವು, ‘ಚಂದಮಾಮ’ ನಿಂತಿತು. ಆ ಮೆಟ್ಟಿಲುಗಳು ಹೋದ ಮೇಲೆ ಹುಡುಗ ನೆಲದಿಂದ ನೇರವಾಗಿ ಅಟ್ಟಕ್ಕೆ ಹಾರಬೇಕು ಎಂದು ಎಲ್ಲರೂ ನಿರೀಕ್ಷಿಸುತ್ತಾರೆ.

ಈಗ ಆ ಅಂತರವನ್ನು ಬಹುಮಟ್ಟಿಗೆ ಒಬ್ಬರೇ ಲೇಖಕರು ತುಂಬುತ್ತಿದ್ದಾರೆ ಎಂದರೆ ಹೆಚ್ಚು ಹೇಳಿದಂತಾಗದು. ಪೂರ್ಣಚಂದ್ರ ತೇಜಸ್ವಿ (1938–2007) ಹುಡುಗರಿಗಾಗಿಯೇ ಬರೆದವರಲ್ಲ. ಆದರೆ ಹದಿನಾಲ್ಕರ ಹುಡುಗನಿಗೆ ಬೇಕಾದದ್ದೆಲ್ಲ ಅವರ ಬರವಣಿಗೆಯಲ್ಲಿ ತಾನಾಗಿ ಇದೆ: ಕಾಡು, ಕೋವಿ, ಮೀನು ಗಾಳ, ಕೆಟ್ಟು ನಿಲ್ಲುವ ಜೀಪು, ಪೋಲಿ ಗೆಳೆಯರು, ಸದಾ ಕೆಲಸ ಕೆಡಿಸುವ ನಾಯಿ. ‘ಕರ್ವಾಲೊ’ (1980) ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಮಂದಣ್ಣನೆಂಬ ಹಳ್ಳಿಯ ಹೈದ ಮತ್ತು ಕಿವಿ ಎಂಬ ನಾಯಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಪಶ್ಚಿಮಘಟ್ಟದ ಕಾಡು ಹೊಗುತ್ತಾರೆ. ಓದಿನಲ್ಲಿ ಹಿಂದೆ ಬಿದ್ದ, ಊರಿನವರು ಅಬ್ಬೇಪಾರಿ ಎಂದು ಬೈಯುವ ಮಂದಣ್ಣನನ್ನು ದೊಡ್ಡ ವಿಜ್ಞಾನಿಯೊಬ್ಬರು ಗೌರವದಿಂದ ಕಾಣುತ್ತಾರೆ, ಏಕೆಂದರೆ ಕಾಡಿನ ವಿಷಯದಲ್ಲಿ ಅವನ ಕಣ್ಣು ಅವರದಕ್ಕಿಂತ ಚುರುಕು. ಅಂಕಪಟ್ಟಿಯಿಂದಲೇ ಬೆಲೆ ಕಟ್ಟಿಸಿಕೊಂಡ ಹುಡುಗನಿಗೆ ಈ ಒಂದು ಸಂಗತಿ ಎಷ್ಟು ನಾಟುತ್ತದೆ ಎಂಬುದನ್ನು ದೊಡ್ಡವರು ಊಹಿಸುವುದು ಕಡಿಮೆ.

ಎರಡನೆಯದಾಗಿ ಕೈಗೆ ಕೊಡಬಹುದಾದದ್ದು ‘ಜುಗಾರಿ ಕ್ರಾಸ್’. ಏಲಕ್ಕಿ ವ್ಯಾಪಾರ, ದಟ್ಟ ಕಾಡು, ಬೆನ್ನು ಹತ್ತಿದ ದುಷ್ಟರು, ರೈಲು ಎಲ್ಲ ಸೇರಿದ ಈ ಥ್ರಿಲ್ಲರ್‌ನ ಮುಖ್ಯ ಘಟನೆಗಳು ಒಂದು ದಿನದೊಳಗೆ ಮುಗಿಯುತ್ತವೆ. ಕಾದಂಬರಿಯ ಉದ್ದ ಕಂಡರೇ ಹೆದರುವವನಿಗೆ ‘ಪರಿಸರದ ಕತೆ’ ಒಳ್ಳೆಯದು. ಒಂದೊಂದು ಅಧ್ಯಾಯವೂ ಬಿಡಿ ಕಥೆಯಂತೆ ನಿಲ್ಲುತ್ತದೆ, ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ತೇಜಸ್ವಿ ನೀತಿ ಹೇಳುವುದಿಲ್ಲ. ಪರಿಸರ ಉಳಿಸಿ ಎಂಬ ಘೋಷಣೆ ಅವರಲ್ಲಿ ಸಿಗುವುದಿಲ್ಲ. ಪರಿಸರದ ಪ್ರಬಂಧ ಸ್ಪರ್ಧೆಗಳಿಂದ ಬೇಸತ್ತವನಿಗೆ ಅದೇ ದೊಡ್ಡ ಬಿಡುಗಡೆ.

ಅನುವಾದಗಳಲ್ಲಿ ಅವರು ಮಾಡಿದ ಕೆಲಸವೂ ಸಣ್ಣದಲ್ಲ. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್‌ನ ಅನುಭವಗಳನ್ನು ‘ಕಾಡಿನ ಕಥೆಗಳು’ ಎಂಬ ನಾಲ್ಕು ಪುಸ್ತಕಗಳಲ್ಲಿ ಕನ್ನಡಕ್ಕೆ ತಂದರು. ಅವುಗಳಲ್ಲೊಂದರ ಹೆಸರು ‘ಜಾಲಹಳ್ಳಿಯ ಕುರ್ಕ’. ಕುರ್ಕ ಎಂದರೆ ಚಿರತೆ. ಜಾಲಹಳ್ಳಿ ಎಂದರೆ ಇಂದು ಮೆಟ್ರೊ ನಿಲ್ಲುವ ಅದೇ ಜಾಲಹಳ್ಳಿ. ಆ ರೈಲಿನಲ್ಲಿ ಕಾಲೇಜಿಗೆ ಹೋಗುವ ಹುಡುಗನ ಕೈಗೆ ಈ ಪುಸ್ತಕ ಕೊಡುವಾಗ ಬೇರೆ ಪೀಠಿಕೆ ಬೇಕಾಗುವುದಿಲ್ಲ. ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥೆಯೂ ಅವರದೇ ಅನುವಾದದಲ್ಲಿದೆ.

ಇನ್ನೂ ಮುಂದೆ ಹೋದರೆ ತಪ್ಪಿಸಿಕೊಂಡವರ ಕಥೆಗಳಿವೆ. ಫ್ರೆಂಚ್ ಗಯಾನಾದ ಸೆರೆಯಿಂದ ಪಾರಾಗಲು ಮತ್ತೆ ಮತ್ತೆ ಯತ್ನಿಸುವ ಹೆನ್ರಿ ಶಾರಿಯೇರನ ‘ಪ್ಯಾಪಿಲಾನ್’ ಅನ್ನು ತೇಜಸ್ವಿ ಪ್ರದೀಪ್ ಕೆಂಜಿಗೆಯವರ ಜೊತೆಗೂಡಿ ಅನುವಾದಿಸಿದರು. ಸೈಬೀರಿಯಾದ ಶ್ರಮಶಿಬಿರದಿಂದ ಭಾರತದವರೆಗೆ ನಡೆದೇ ಬಂದವರ ‘ಮಹಾಪಲಾಯನ’ ಅವರ ಮಿಲೇನಿಯಂ ಸರಣಿಯಲ್ಲಿ ಬಂತು. ಇವೆರಡೂ ನಿಜಕಥೆಗಳೆಂದು ಪ್ರಸಿದ್ಧವಾದವು. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು ಎಂಬ ಪ್ರಶ್ನೆ ಮುಂದೆ ಬಲವಾಗಿಯೇ ಎದ್ದಿತು. ಅದನ್ನು ಹುಡುಗನಿಂದ ಮುಚ್ಚಿಡುವ ಅಗತ್ಯವಿಲ್ಲ. ಪುಸ್ತಕ ಮುಗಿಸಿದ ಮೇಲೆ ಈ ಅನುಮಾನವನ್ನು ಅವನ ಮುಂದಿಟ್ಟರೆ ಎರಡನೇ ಸಲ ಓದಲು ಅದೇ ನೆಪವಾದೀತು.

ಒಗಟು ಬಿಡಿಸುವ ಚಟವಿರುವವರಿಗೆ ಕೆ.ಎನ್. ಗಣೇಶಯ್ಯ ಇದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಇತಿಹಾಸ, ವಿಜ್ಞಾನ, ಶಾಸನ, ಶಿಲ್ಪಗಳನ್ನು ಹೆಣೆದು ಥ್ರಿಲ್ಲರ್ ಬರೆಯುತ್ತಾರೆ. ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮುಸುಕಿನ ಜೋಳದಂಥ ಆಕೃತಿಯ ಸುತ್ತ ಬೆಳೆಯುತ್ತದೆ. ಜೋಳದ ಆ ಜಾತಿ ಅಮೆರಿಕ ಖಂಡದ್ದು, ಕೊಲಂಬಸ್ ಹುಟ್ಟುವ ಮೊದಲೇ ಅದು ಸೋಮನಾಥಪುರಕ್ಕೆ ಹೇಗೆ ಬಂತು ಎಂಬುದು ಪ್ರಶ್ನೆ. ಅದು ಜೋಳವೇ ಎಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಕಾದಂಬರಿಗೆ ಆ ಒಪ್ಪಿಗೆ ಬೇಕಾಗಿಯೂ ಇಲ್ಲ. ‘ಕರಿಸಿರಿಯಾನ’ದ ಹಿಂದೆ ವಿಜಯನಗರದ ಸಂಪತ್ತಿನ ಹುಡುಕಾಟವಿದೆ. ಭಾಷೆಯ ಸೊಗಸು ಹುಡುಕುವ ಓದುಗನಿಗೆ ಗಣೇಶಯ್ಯನವರ ಗದ್ಯ ಒಣ ಎನಿಸಬಹುದು. ಹದಿನೈದರ ಹುಡುಗ ಅದನ್ನು ಗಮನಿಸುವುದಿಲ್ಲ. ಕಥೆಯಲ್ಲಿ ಬಂದ ದೇವಸ್ಥಾನಕ್ಕೆ ಹೋಗಿ ಕಲ್ಲನ್ನು ಕಣ್ಣಾರೆ ನೋಡಬೇಕು ಎಂದು ಅವನಿಗೆ ಅನಿಸಿದರೆ ಸಾಕು.

ಕಥೆಯೇ ಬೇಡ, ವಿಷಯ ಬೇಕು ಎನ್ನುವ ಹುಡುಗರ ಜಾತಿಯೊಂದಿದೆ. ಇವರನ್ನು ಕಾದಂಬರಿಗೆ ಎಳೆಯುವ ಹಟ ಬೇಡ. ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದದ್ದೂ, ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂದದ್ದೂ ಇಂಥವರಿಗಾಗಿಯೇ. ಅವುಗಳ ವಿಜ್ಞಾನ ಈಗ ಹಳತಾಗಿದೆ, ನಿಜ. ಇಂದಿನ ಹುಡುಗನಿಗೆ ನಾಗೇಶ ಹೆಗಡೆಯವರ ವಿಜ್ಞಾನ ಬರಹಗಳು ಹೆಚ್ಚು ಹತ್ತಿರ. ಸಸ್ಯವಿಜ್ಞಾನವನ್ನೂ ನಗುನಗುತ್ತ ಓದಬಹುದು ಎಂದು ತೋರಿಸಿದ್ದು ಬಿ.ಜಿ.ಎಲ್. ಸ್ವಾಮಿ. ಕಾಲೇಜು ಹುಡುಗರನ್ನು ಕಟ್ಟಿಕೊಂಡು ಗಿಡ ಹುಡುಕಲು ಕಾಡು ಸುತ್ತಿದ ಮೇಷ್ಟ್ರ ಪುಸ್ತಕ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸೇನೆ, ಯುದ್ಧ ಎಂದರೆ ಕಿವಿ ನಿಮಿರಿಸುವವನಿಗೆ 1962ರ ಚೀನಾ ಯುದ್ಧದ ಬಗ್ಗೆ ಬ್ರಿಗೇಡಿಯರ್ ಜಾನ್ ದಳವಿ ಬರೆದ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಅನುವಾದದಲ್ಲಿ ಸಿಗುತ್ತದೆ. ಅದು ಸೋಲಿನ ಕಥೆ ಎಂಬುದೇ ಅದರ ಹೆಚ್ಚುಗಾರಿಕೆ.

ತನ್ನ ವಯಸ್ಸಿನವರೇ ನಾಯಕರಾಗಿರುವ ಪುಸ್ತಕ ಬೇಕೆಂದರೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರದ ಪಟ್ಟಿ ನೋಡಬಹುದು. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ ಆ ಸಾಲಿನವು. ಹನ್ನೊಂದರಿಂದ ಹದಿಮೂರರವರೆಗೆ ಇವು ಹೊಂದುತ್ತವೆ. ಅದನ್ನು ದಾಟಿದವರಿಗೆ ಆತ್ಮಕಥೆಗಳು ಮೇಲು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬಡತನವೂ ಜಾತಿಯ ನೋವೂ ಇವೆ, ಆದರೆ ಅವರು ಅದನ್ನು ಹೇಳುವುದು ತಮ್ಮನ್ನೇ ನಗೆಗೀಡು ಮಾಡಿಕೊಂಡು. ಭೈರಪ್ಪನವರ ‘ಭಿತ್ತಿ’ಯ ಮೊದಲ ಭಾಗದ ಹುಡುಗ ಸಾವುಗಳನ್ನು ಕಾಣುತ್ತಾನೆ, ಓದು ಬಿಟ್ಟು ಅಲೆಯುತ್ತಾನೆ, ಮುಂಬೈಯಲ್ಲಿ ಕೂಲಿ ಮಾಡುತ್ತಾನೆ. ಇವರಿಬ್ಬರ ವಿಚಾರಗಳು ಬೇರೆ ಬೇರೆ ದಿಕ್ಕಿನವು. ಎರಡನ್ನೂ ಓದಿದ ಹುಡುಗನಿಗೆ ಅದರಿಂದ ನಷ್ಟವೇನಿಲ್ಲ.

ಹೆಸರುಗಳ ಪಟ್ಟಿಗಿಂತ ಕಷ್ಟದ್ದು ಕೊಡುವ ರೀತಿ. ಹುಡುಗನಿಗೆ ಯಾವುದರ ಹುಚ್ಚಿದೆ ಎಂಬುದನ್ನು ಮೊದಲು ತಿಳಿಯಬೇಕು, ಪುಸ್ತಕ ಆಮೇಲೆ. ಒಂದರ ಬದಲು ಮೂರು ಪುಸ್ತಕ ಮುಂದಿಟ್ಟು ಆರಿಸಲು ಬಿಟ್ಟರೆ ಆಯ್ಕೆ ಅವನದಾಗುತ್ತದೆ. ಮೊದಲ ಇಪ್ಪತ್ತು ಪುಟ ಹಿಡಿಸದಿದ್ದರೆ ಕೆಳಗಿಡುವ ಸ್ವಾತಂತ್ರ್ಯ ಇರಲಿ; ಫ್ರೆಂಚ್ ಲೇಖಕ ಹಾಗೂ ಮೇಷ್ಟ್ರು ಡೇನಿಯಲ್ ಪೆನಾಕ್ ಓದುಗನ ಹಕ್ಕುಗಳನ್ನು ಪಟ್ಟಿ ಮಾಡಿದಾಗ ಓದದಿರುವ ಹಕ್ಕಿನಿಂದಲೇ ಆರಂಭಿಸಿದ್ದರು. ಓದಿದ ಮೇಲೆ ಸಾರಾಂಶ ಬರೆಸುವುದು, ಏನು ಕಲಿತೆ ಎಂದು ಕೇಳುವುದು ಪುಸ್ತಕವನ್ನು ಮತ್ತೊಂದು ಪಠ್ಯ ಮಾಡಿಬಿಡುತ್ತವೆ. ಓದುವ ಅಪ್ಪ, ಮಾವ, ಅಣ್ಣಂದಿರನ್ನು ಕಂಡವನಿಗೆ ಓದು ಹೆಣ್ಣುಮಕ್ಕಳ ಕೆಲಸ ಎನಿಸುವುದಿಲ್ಲ. ಹಾಗೆಯೇ, ಇಲ್ಲಿ ಹೇಳಿದ ಪುಸ್ತಕಗಳನ್ನು ಹುಡುಗಿಯರು ಅಷ್ಟೇ ಆಸೆಯಿಂದ ಓದುತ್ತಾರೆ. ಅವರಿಗೆ ಬೇರೆ ಪಟ್ಟಿ ಬೇಕಿಲ್ಲ.

ಇಂಗ್ಲಿಷ್ ಮಾಧ್ಯಮದ ಹುಡುಗರದು ಪ್ರತ್ಯೇಕ ಸಮಸ್ಯೆ. ಹ್ಯಾರಿ ಪಾಟರ್‌ನ ಏಳು ಸಂಪುಟ ಮುಗಿಸಿದವನು ಕನ್ನಡದ ಒಂದು ಪುಟಕ್ಕೆ ತಡವರಿಸುತ್ತಾನೆ. ಅವನ ಬುದ್ಧಿ ಹದಿನೈದರದು, ಕನ್ನಡದ ಓದಿನ ವೇಗ ಎಂಟರದು. ಇಂಥವನಿಗೆ ಮಕ್ಕಳ ಪುಸ್ತಕ ಕೊಡುವುದು ತಪ್ಪು. ‘ಪರಿಸರದ ಕತೆ’ಯ ಒಂದು ಅಧ್ಯಾಯವನ್ನು ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿ ಪುಸ್ತಕ ಅಲ್ಲೇ ಬಿಟ್ಟು ಹೋಗುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ.

ಹಿಂಸೆ, ಕಾಮ ಇರುವ ಪುಸ್ತಕಗಳ ಬಗ್ಗೆ ಪೋಷಕರ ಅಂಜಿಕೆ ಸಹಜ. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಲಿಸ್ಬನ್‌ನಿಂದ ವಿಜಯನಗರದವರೆಗೆ ಹರಡಿದ ಅದ್ಭುತ ಸಾಹಸದ ಕಾದಂಬರಿ, ಆದರೆ ಅದರ ಕ್ರೌರ್ಯ ಹದಿನಾರು ದಾಟಿದವರಿಗೆ ಸರಿ. ದೊಡ್ಡವರು ತಾವು ಮೊದಲು ಓದಿ ನಿರ್ಧರಿಸುವುದು ಉತ್ತಮ. ಯಾರದೋ ಮಾತು ಕೇಳಿ ಕಿತ್ತುಕೊಂಡರೆ ಹುಡುಗನ ನಂಬಿಕೆಯೂ ಹೋಗುತ್ತದೆ.

ಇದಕ್ಕೆಲ್ಲ ಹೆಚ್ಚು ಹಣ ಬೇಕಿಲ್ಲ, ಬೇಕಾದದ್ದು ಸಮಯ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯುಸಿ ಶುರುವಾಗುವವರೆಗಿನ ವಾರಗಳು ಹುಡುಗನಿಗೆ ಮತ್ತೆಂದೂ ಸಿಗದ ಬಿಡುವು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಪೋಷಕರು ಹುಡುಗನನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು, ಅವನ ಹೆಸರಿನಲ್ಲೇ ಕಾರ್ಡು ಮಾಡಿಸಲಿ. ‘ಕರ್ವಾಲೊ’ ಅಲ್ಲಿ ಇಲ್ಲದಿದ್ದರೆ ತರಿಸಿಕೊಡುವಂತೆ ಅವನ ಕೈಯಲ್ಲೇ ಅರ್ಜಿ ಬರೆಸಲಿ.