ಸೂಜಿಯೂ ಸಂಸಾರವೂ

ಮಾದಕ ಪದಾರ್ಥವೆಂದೊಡನೆ ನಮ್ಮ ಗೃಹಸ್ಥರ ಕಣ್ಣಿಗೆ ಕಟ್ಟುವುದು ಚಿಲುಮೆ ಸೇದುವ ಬೈರಾಗಿಯ ಚಿತ್ರ. ಇಲ್ಲವೆ ಕೈಯಲ್ಲಿ ಹಣ ಹೆಚ್ಚಾಗಿ ಹಾದಿತಪ್ಪಿದ ದೊಡ್ಡ ಪಟ್ಟಣದ ಹುಡುಗನ ಚಿತ್ರ. ಅದು ನಮ್ಮಂಥವರ ಮನೆಯ ಮಾತಲ್ಲವೆಂದು ನಾವು ಸಮಾಧಾನ ತಂದುಕೊಳ್ಳುತ್ತೇವೆ. ಮಣಿಪುರದ ಜನರೂ ಒಂದು ಕಾಲಕ್ಕೆ ಹಾಗೆಯೇ ತಂದುಕೊಂಡಿದ್ದರು. ಭಗವದ್ಭಕ್ತಿ, ಹಿರಿಯರ ಭಯ, ನೃತ್ಯಗೀತಗಳ ಅಭಿರುಚಿ, ಇವೆಲ್ಲವೂ ತುಂಬಿದ ಆ ನಾಡಿನ ಮನೆಗಳೊಳಗೆ ಹೆರಾಯಿನ್ ಎಂಬ ವಿಷವು ಹೇಗೆ ಹೊಕ್ಕಿತು, ಹೊಕ್ಕ ಮೇಲೆ ಯಾರು ಯಾರನ್ನು ಸುಟ್ಟಿತು ಎಂಬುದನ್ನು ವಾಚಕರು ತಿಳಿಯುವುದು ಒಳ್ಳೆಯದು.

ಇಂಫಾಲದಿಂದ ಆಗ್ನೇಯಕ್ಕೆ ಸುಮಾರು 110 ಕಿಲೋಮೀಟರು ಹೋದರೆ ಮೋರೆ ಎಂಬ ಗಡಿಯೂರು ಸಿಕ್ಕುತ್ತದೆ. ಅದರಾಚೆಯ ತಮು ಬರ್ಮಾ ದೇಶಕ್ಕೆ, ಎಂದರೆ ಈಗಿನ ಮ್ಯಾನ್ಮಾರಿಗೆ, ಸೇರಿದುದು. ಬರ್ಮಾ, ಲಾವೋಸ್, ಥಾಯ್ಲೆಂಡ್ ದೇಶಗಳು ಕೂಡುವ ಬೆಟ್ಟಸೀಮೆಗೆ ಚಿನ್ನದ ತ್ರಿಕೋಣವೆಂದು ಹೆಸರು. ಅಲ್ಲಿ ಚಿನ್ನ ಬೆಳೆಯುವುದಿಲ್ಲ, ಗಸಗಸೆಯ ಗಿಡ ಬೆಳೆಯುತ್ತದೆ. ಅದರ ಎಳೆಗಾಯಿಯನ್ನು ಗೀರಿದಾಗ ಒಸರುವ ಹಾಲು ಹೆಪ್ಪುಗಟ್ಟಿದರೆ ಅಫೀಮು. ಅಫೀಮಿನಿಂದ ತೆಗೆದುದು ಮಾರ್ಫಿನ್. ಮಾರ್ಫಿನ್ನಿನಿಂದ ಮಾಡಿದುದು ಹೆರಾಯಿನ್. ಪಶ್ಚಿಮದ ಗಡಿಯಿಂದ ನಮ್ಮ ದೇಶಕ್ಕೆ ಬರುತ್ತಿದ್ದ ಕಂದು ಬಣ್ಣದ ಹೆರಾಯಿನ್ ನೀರಿನಲ್ಲಿ ಸುಲಭವಾಗಿ ಕರಗದು. ಅದನ್ನು ತಗಡಿನ ಹಾಳೆಯ ಮೇಲೆ ಕಾಯಿಸಿ ಹೊಗೆ ಎಳೆಯುತ್ತಿದ್ದರು. ಬರ್ಮಾದಿಂದ ಬಂದುದಾದರೋ ಅಚ್ಚ ಬಿಳಿಯ ಪುಡಿ. ಅದಕ್ಕೆ 'ನಾಲ್ಕನೆಯ ನಂಬರು' ಎಂದು ಹೆಸರು. ಅದು ನೀರಿಗೆ ಹಾಕಿದ ಕೂಡಲೆ ಕರಗುತ್ತದೆ. ಕರಗುವ ಪದಾರ್ಥವನ್ನು ರಕ್ತನಾಳಕ್ಕೇ ಚುಚ್ಚಬಹುದು. ಮುಂದಿನ ಅನರ್ಥಕ್ಕೆಲ್ಲ ಈ ಸಣ್ಣ ವ್ಯತ್ಯಾಸವೇ ದೊಡ್ಡ ಕಾರಣವಾಯಿತು.

1980ರ ದಶಕದಲ್ಲಿ ಮಣಿಪುರದ ತರುಣರಲ್ಲಿ ಈ ಚಟ ಹಬ್ಬಿತು. 1985ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಠಿಣವಾದ ಕಾನೂನು ಬಂದಿತು. ಸೂಜಿ ಕೈಯಲ್ಲಿದ್ದರೆ ಅದೇ ಅಪರಾಧದ ಸಾಕ್ಷಿಯೆಂಬ ಅಂಜಿಕೆ ಹುಟ್ಟಿತು. ಔಷಧದಂಗಡಿಯವರು ಹುಡುಗರಿಗೆ ಸೂಜಿ ಮಾರಲು ಹಿಂಜರಿದರು. ಚಟಕ್ಕೆ ಸಿಕ್ಕಿದವನು ಸೂಜಿಯಿಲ್ಲವೆಂದು ಬಿಡುತ್ತಾನೆಯೆ? ಮಸಿ ತುಂಬುವ ಗಾಜಿನ ಕೊಳವೆಗೆ ಒಂದು ಸೂಜಿ ಸಿಕ್ಕಿಸಿ, ಆ ಒಂದನ್ನೇ ಗುಂಪಿನವರೆಲ್ಲ ಬಳಸಿದರು. ಒಬ್ಬನ ರಕ್ತದಲ್ಲಿದ್ದುದು ಎಲ್ಲರ ರಕ್ತಕ್ಕೂ ಇಳಿಯಿತು. 1989ರ ಸೆಪ್ಟೆಂಬರಿನವರೆಗೆ ಪರೀಕ್ಷೆಗೊಳಗಾದ ಇಂಥವರಲ್ಲಿ ಏಡ್ಸ್ ರೋಗದ ವಿಷಾಣು ಒಬ್ಬರಲ್ಲಿಯೂ ಕಂಡಿರಲಿಲ್ಲ. ಆಮೇಲೆ ಆರೇ ತಿಂಗಳಲ್ಲಿ ಅರ್ಧದಷ್ಟು ಮಂದಿಯಲ್ಲಿ ಕಂಡಿತು.

ತಾಯಿತಂದೆಗಳು ಏನು ಮಾಡಬೇಕು? ಕೆಲವರು ಸಂಗತಿಯನ್ನು ಮುಚ್ಚಿಟ್ಟರು. ಕೆಲವರು ಮನೆಯ ಪಾತ್ರೆಪದಾರ್ಥಗಳು ಒಂದೊಂದಾಗಿ ಮಾಯವಾಗುವುದನ್ನು ತಾಳಲಾರದೆ ಮಗನನ್ನು ತಾವಾಗಿಯೇ ಪೋಲೀಸರಿಗೆ ಒಪ್ಪಿಸಿದರು. ಮದುವೆ ಮಾಡಿದರೆ ಜವಾಬ್ದಾರಿ ಬಂದು ಸರಿಹೋದಾನು ಎಂಬ ಆಸೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕೇಳಿಬರುವುದಷ್ಟೆ. ಅಂಥ ಆಸೆಯ ಬೆಲೆಯನ್ನು ತೆರುವವಳು ಸೊಸೆ. ಚುಚ್ಚಿಕೊಳ್ಳುವ ಗಂಡಂದಿರಿಂದ ಅವರ ಹೆಂಡಿರಿಗೆ ಸೋಂಕು ದಾಟಿದುದನ್ನು ಕುರಿತು ಮಣಿಪುರದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪರೀಕ್ಷಿಸಿದ ಹೆಂಡಿರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಸೋಂಕು ಇದ್ದಿತು. ಆ ಹೆಂಗಸರು ಸೂಜಿಯನ್ನು ಮುಟ್ಟಿದವರಲ್ಲ.

ಹೆರಾಯಿನ್ ತುಟ್ಟಿಯಾದಾಗ ಹುಡುಗರು ಹಿಡಿದ ಇನ್ನೊಂದು ಹಾದಿ ಔಷಧದಂಗಡಿಯದೇ. ಹೊಟ್ಟೆನುಲಿತಕ್ಕೆಂದು ಎಷ್ಟೋ ಮನೆಗಳ ಮದ್ದಿನ ಡಬ್ಬಿಯಲ್ಲಿರುತ್ತಿದ್ದ ಸ್ಪಾಸ್ಮೋ ಪ್ರಾಕ್ಸಿವಾನ್ ಎಂಬ ಗುಳಿಗೆಯನ್ನು ಒಡೆದು, ಅದರ ಪುಡಿಯನ್ನು ಕಲಸಿ ಚುಚ್ಚಿಕೊಂಡರು. ನುಂಗುವುದಕ್ಕೆಂದು ಮಾಡಿದ ಪುಡಿ ರಕ್ತನಾಳದಲ್ಲಿ ಕರಗದೆ ಕಟ್ಟಿಕೊಂಡು, ಕೈಕಾಲುಗಳಲ್ಲಿ ಕೀವುಗಟ್ಟಿ, ಎಷ್ಟೋ ಮಂದಿ ಅಂಗಹೀನರಾದರು. ಆ ಗುಳಿಗೆಯ ಮುಖ್ಯ ನೋವುನಿವಾರಕ ದ್ರವ್ಯವನ್ನು ಕೇಂದ್ರ ಸರಕಾರವು ನಿಷೇಧಿಸಿದುದು 2013ರಲ್ಲಿ.

ಮಣಿಪುರದ ಹೆಂಗಸರು ಕೈಕಟ್ಟಿ ಕುಳಿತುಕೊಳ್ಳುವ ಪೈಕಿಯಲ್ಲ. ಇಂಫಾಲದ ತಾಯಂದಿರ ಪೇಟೆಯ ವ್ಯಾಪಾರವೆಲ್ಲ ಅವರದೇ. ಕ್ಷಾಮದ ಕಾಲದಲ್ಲಿ ಅಕ್ಕಿ ಹೊರಗೆ ಹೋಗುವುದನ್ನು ತಡೆಯಲು 1939ರಲ್ಲಿ ಬ್ರಿಟಿಷರ ಕಾಲದ ಆಡಳಿತವನ್ನು ಎದುರಿಸಿದವರು ಅವರೇ. 1970ರ ದಶಕದಲ್ಲಿ ಕುಡಿತವನ್ನು ಅಡಗಿಸಲು ರಾತ್ರಿ ಗಸ್ತು ತಿರುಗಿದ ಹೆಂಗಸರ ಗುಂಪುಗಳೇ ಮುಂದೆ ಮೈರಾ ಪೈಬಿ, ಎಂದರೆ ಪಂಜು ಹಿಡಿದವರು, ಎಂದು ಹೆಸರಾದುವು. ಅಪಾಯ ಕಂಡರೆ ದೀಪದ ಕಂಬಕ್ಕೆ ಕಲ್ಲಿನಿಂದ ಹೊಡೆದು ನೆರೆಕೇರಿಯನ್ನು ಎಬ್ಬಿಸುವುದು ಅವರ ಪದ್ಧತಿ. ಮಾದಕ ವಸ್ತುವಿನ ಮೇಲೂ ಅವರು ಪಂಜು ಹಿಡಿದು ಹೊರಟರು. ಮಾರುವವನನ್ನೂ ಸೇವಿಸುವವನನ್ನೂ ಹಿಡಿದರು. ಬಂದೂಕು ಹಿಡಿದ ಭೂಗತ ಪಂಗಡಗಳವರು ಇನ್ನೂ ಮುಂದೆ ಹೋಗಿ ಚಟದವರ ಕಾಲಿಗೆ ಗುಂಡು ಹೊಡೆದರು. ಇದರಿಂದ ಚಟ ನಿಲ್ಲಲಿಲ್ಲ. ಹುಡುಗರು ಬೀದಿಯನ್ನು ಬಿಟ್ಟು ಕತ್ತಲೆಯ ಮೂಲೆಗಳಿಗೆ ಸರಿದರು, ಅಷ್ಟೆ. ತಾಯಂದಿರ ಮನಸ್ಸಿನ ಉರಿಯನ್ನು ನಾವು ಆಕ್ಷೇಪಿಸಲಾರೆವು. ಆದರೆ ಹೊಡೆತದಿಂದ ಈ ರೋಗ ಹೋಗುವುದಾಗಿದ್ದರೆ ಮಣಿಪುರದಲ್ಲಿ ಎಂದೋ ಹೋಗಬೇಕಾಗಿತ್ತು.

1990ರ ದಶಕದ ನಡುವಿಗೆ ಬೇರೊಂದು ವಿಚಾರ ತಲೆಯೆತ್ತಿತು: ಚಟ ಬಿಡುವವರೆಗೆ ಜೀವ ಉಳಿಯಬೇಕು, ಅದಕ್ಕಾಗಿ ಹೊಸ ಸೂಜಿಯನ್ನು ಕೊಟ್ಟು ಹಳೆಯದನ್ನು ಹಿಂದಕ್ಕೆ ಪಡೆಯಬೇಕು. "ಕುಡುಕನಿಗೆ ನಾವೇ ಬಟ್ಟಲು ತೊಳೆದು ಕೊಟ್ಟಂತಾಗಲಿಲ್ಲವೆ?" ಎಂದು ಯಾರಿಗಾದರೂ ತೋರುವುದು ಸಹಜ. ಆದರೂ 1996ರಲ್ಲಿ ಮಣಿಪುರ ಸರಕಾರವು ತನ್ನ ಏಡ್ಸ್ ನೀತಿಯಲ್ಲಿ ಈ ಕ್ರಮವನ್ನು ಒಪ್ಪಿಕೊಂಡಿತು. ದೇಶದಲ್ಲಿ ಹೀಗೆ ಮಾಡಿದ ಮೊದಲನೆಯ ರಾಜ್ಯ ಅದೇ. ಕ್ರಮೇಣ ಬ್ಯೂಪ್ರಿನಾರ್ಫಿನ್ ಎಂಬ ಮಾತ್ರೆಯೂ ಬಂದಿತು. ಅದನ್ನು ದಿನವೂ ಚಿಕಿತ್ಸಾಲಯದಲ್ಲಿ ನಾಲಗೆಯಡಿಯಲ್ಲಿಟ್ಟುಕೊಂಡರೆ ಮೈಮುರಿತ, ನಡುಕ, ವಾಂತಿಗಳ ಯಾತನೆ ಅಡಗಿ, ಮನುಷ್ಯನು ಕೆಲಸಕ್ಕೆ ಹೋಗಬಲ್ಲನು. ಮುಂದಿನ ವರ್ಷಗಳಲ್ಲಿ ಸೂಜಿಯವರಲ್ಲಿ ಏಡ್ಸ್ ಸೋಂಕಿನ ಪ್ರಮಾಣ ಗಣನೀಯವಾಗಿ ಇಳಿಯಿತು.

ಗಡಿಯಾಚೆಯ ಬೆಳೆ ಮಾತ್ರ ಇಳಿದಿಲ್ಲ. 2022ರಲ್ಲಿ ಆಫ್ಘಾನಿಸ್ತಾನದ ತಾಲಿಬಾನರು ಗಸಗಸೆಯ ಬೇಸಾಯವನ್ನು ನಿಷೇಧಿಸಿದ ಮೇಲೆ, 2023ರಲ್ಲಿ ಮ್ಯಾನ್ಮಾರ್ ಸುಮಾರು 1,080 ಟನ್ ಅಫೀಮು ಬೆಳೆದು ಲೋಕಕ್ಕೆ ಮೊದಲನೆಯದಾಯಿತೆಂದು ವಿಶ್ವಸಂಸ್ಥೆಯ ಅಂದಾಜು. ನಮ್ಮ ದೇಶದ ಲೆಕ್ಕವೂ ಹಗುರವಲ್ಲ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಫೀಮಿನ ಜಾತಿಯ ಪದಾರ್ಥಗಳನ್ನು ಬಳಸುವವರು ಸುಮಾರು 2.26 ಕೋಟಿ ಮಂದಿ. ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ.

ಈ ಸಂಖ್ಯೆಗಳೊಳಗೆ ಕನ್ನಡದ ಮನೆಗಳೂ ಇವೆ. ಮಗನ ತೋಳಿನ ಮೇಲೆ ಕಲೆಗಳಾಗಲಿ, ಸ್ನಾನದ ಮನೆಯಲ್ಲಿ ಬಿಟ್ಟುಹೋದ ಸೂಜಿಯಾಗಲಿ ಕಣ್ಣಿಗೆ ಬಿದ್ದ ತಾಯಿಯು ಅದನ್ನು ಯಜಮಾನರಿಂದ ಮುಚ್ಚಿಡಬೇಕಾಗಿಲ್ಲ; ಯಜಮಾನರು ನೆಂಟರಿಗೆ ಅಂಜಿ ವೈದ್ಯರಿಂದ ಮುಚ್ಚಿಡಬೇಕಾಗಿಯೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವುಂಟು. ದೂರದ ಊರಿನವರು ಕೇಂದ್ರ ಸರಕಾರದ 14446 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ಕೇಳಬಹುದು. ಅದಕ್ಕೆ ಹಣ ತೆರಬೇಕಾಗಿಲ್ಲ.