ಬಾಸೆಲ್ ಹುಡುಗರ ಕನ್ನಡ ದಿನಚರಿ

ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಅವರಿಗಿಂತ ಮೊದಲು, 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಅವರಿಗೆ ಇಪ್ಪತ್ತೈದು. ಒಬ್ಬರು ನಿಘಂಟಿನಿಂದ, ಇನ್ನೊಬ್ಬರು ‘ಮಂಗಳೂರ ಸಮಾಚಾರ’ ಪತ್ರಿಕೆಯಿಂದ ನಮಗೆ ಪರಿಚಿತರು. ಗಡ್ಡ ಬಿಟ್ಟ ಹಿರಿಯರ ಚಿತ್ರಗಳಲ್ಲೇ ಅವರನ್ನು ನೋಡಿ ಅಭ್ಯಾಸವಾಗಿರುವುದರಿಂದ, ಇಲ್ಲಿಗೆ ಬಂದಾಗ ಅವರು ಈಗಷ್ಟೇ ಕಾಲೇಜು ಮುಗಿಸಿದ ಹುಡುಗರ ವಯಸ್ಸಿನವರು ಎಂಬುದು ಮರೆತೇಹೋಗುತ್ತದೆ.

ಈ ಹುಡುಗರನ್ನು ಆರಿಸಿ, ಓದಿಸಿ, ಹಡಗು ಹತ್ತಿಸಿ, ಆಮೇಲೆ ಅವರ ದಿನದಿನದ ಬದುಕನ್ನೂ ಸಾವಿರಾರು ಮೈಲಿ ದೂರದಿಂದ ನಡೆಸಿದ ಸಂಸ್ಥೆ ಬಾಸೆಲ್ ಮಿಶನ್. ಅದರ ಗುರಿ ಮತಪ್ರಸಾರ. ಅದನ್ನು ಅದು ಎಂದೂ ಮುಚ್ಚಿಟ್ಟಿಲ್ಲ. ಆದರೆ ಕನ್ನಡಕ್ಕೆ ದಕ್ಕಿದ ನಿಘಂಟು, ಪತ್ರಿಕೆ, ಅಚ್ಚಾದ ಹಳೆಯ ಕಾವ್ಯಗಳಿಗೆ ಆ ಗುರಿಗಿಂತ ಹೆಚ್ಚಾಗಿ ಅದು ವಿಧಿಸಿದ ದಿನಚರಿಯೇ ಕಾರಣ ಎಂದು ನಾನು ನಂಬಿದ್ದೇನೆ. ಪರದೇಶಕ್ಕೆ ಬಂದ ಎಳೆಯ ಮಿಶನರಿಯ ಆ ದಿನಚರಿಯನ್ನು ಪರಿಚಯಿಸುವುದೇ ಈ ಬರಹದ ಉದ್ದೇಶ.

ಅರ್ಜಿಯಿಂದ ಹಡಗಿನವರೆಗೆ

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸಂಸ್ಥೆ ಹುಟ್ಟಿದ್ದು 1815ರಲ್ಲಿ. ಮರುವರ್ಷವೇ ಮಿಶನರಿಗಳನ್ನು ತಯಾರು ಮಾಡುವ ಸೆಮಿನರಿ ಶುರುವಾಯಿತು. ಆಡಳಿತದ ಕಮಿಟಿಯಲ್ಲಿ ಕುಳಿತವರು ಬಾಸೆಲ್‌ನ ಅನುಕೂಲಸ್ಥ ಮನೆತನದವರು, ಪಾದ್ರಿಗಳು. ಸೆಮಿನರಿಗೆ ಬಂದ ಹುಡುಗರಲ್ಲಿ ಹೆಚ್ಚಿನವರು ಗಡಿಯಾಚೆಯ ವ್ಯುರ್ಟೆಂಬೆರ್ಗ್ ಸೀಮೆಯ ಹಳ್ಳಿಗಳವರು: ರೈತರು, ನೇಕಾರರು, ಬಡಗಿಗಳು, ಜೋಡು ಹೊಲಿಯುವವರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದ ಮೊಗ್ಲಿಂಗ್, ಪಾದ್ರಿಯ ಮಗ ಕಿಟೆಲ್ ಇಬ್ಬರೂ ಅವರ ನಡುವೆ ಅಪರೂಪದವರು.

ಅರ್ಜಿಯ ಜೊತೆ ಹುಡುಗ ತನ್ನ ಜೀವನದ ಕಥೆಯನ್ನು ತಾನೇ ಬರೆದು ಕಳಿಸಬೇಕಿತ್ತು. ಎಲ್ಲಿ ಹುಟ್ಟಿದೆ, ಏನು ತಪ್ಪು ಮಾಡಿದೆ, ಈ ದಾರಿಗೆ ಮನಸ್ಸು ತಿರುಗಿದ್ದು ಯಾವಾಗ ಎಂದು. ಮದುವೆಯಾಗಿರಬಾರದು, ಯಾರಿಗೂ ಮಾತು ಕೊಟ್ಟಿರಬಾರದು. ಸೇರಿದ ಮೇಲೆ ಹಗಲಿಡೀ ಪಾಠ: ಬೈಬಲ್, ಇಂಗ್ಲಿಷ್, ಗ್ರೀಕ್, ಹೀಬ್ರೂ. ಮಧ್ಯೆ ತೋಟದ ಕೆಲಸ, ಕೈಕಸುಬು. ಯಾವ ದೇಶಕ್ಕೆ ಹೋಗಬೇಕು ಎಂಬುದನ್ನು ಹುಡುಗ ಕೇಳುವಂತಿಲ್ಲ, ಕಮಿಟಿ ಹೇಳುತ್ತದೆ. ಒಬ್ಬ ಭಾರತಕ್ಕೆ ಬಂದರೆ ಅವನ ಜೊತೆಗಾರ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ ಹೋಗುತ್ತಿದ್ದ. ಅಲ್ಲಿಗೆ ಹೋದವರಲ್ಲಿ ಅನೇಕರು ಜ್ವರಕ್ಕೆ ಸಿಕ್ಕಿ ಬೇಗನೆ ತೀರಿಕೊಂಡರು.

ಇದಕ್ಕೆಲ್ಲ ಹಣ ಒದಗಿಸಿದವರಲ್ಲಿ ಬಡವರೂ ಇದ್ದರು. 1855ರಲ್ಲಿ ಶುರುವಾದ ‘ಅರ್ಧ ಬಾಟ್ಸೆನ್ ಸಂಗ್ರಹ’ದ ಲೆಕ್ಕ ಸರಳ: ಒಬ್ಬೊಬ್ಬರು ವಾರಕ್ಕೆ ಅರ್ಧ ಬಾಟ್ಸೆನ್ ಕೊಡಬೇಕು. ಚಿಲ್ಲರೆ ಕಾಸು ಅದು. ಮನೆಮನೆಯಿಂದ ಸೇರಿದಾಗ ದೊಡ್ಡ ಮೊತ್ತವಾಗುತ್ತಿತ್ತು. ಮಂಗಳೂರಿನ ಶಾಲೆಗೋ ಹುಬ್ಬಳ್ಳಿಯ ಶಾಲೆಗೋ ಎಲ್ಲೋ ಒಬ್ಬ ಬಟ್ಟೆ ಒಗೆಯುವ ಹೆಂಗಸಿನ ಕಾಸು ತಲುಪಿರಬಹುದು.

1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಮಿಶನ್ ಠಾಣೆಗಳಾದವು. ಆಗ ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿ ಬರಬೇಕಾಗಿದ್ದರಿಂದ ಪ್ರಯಾಣಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಊರಿನಿಂದ ಹೊರಟವನಿಗೆ ತಾಯಿಯ ಮುಖವನ್ನು ಮತ್ತೆ ನೋಡುವ ಖಾತ್ರಿ ಇರುತ್ತಿರಲಿಲ್ಲ.

ಮುನ್ಶಿಯ ಎದುರು

ಹೊಸಬನಿಗೆ ಬಂದ ಕೂಡಲೇ ಉಪದೇಶದ ಕೆಲಸವಿಲ್ಲ. ಮೊದಲು ಭಾಷೆ. ಬೆಳಗಿನ ಪ್ರಾರ್ಥನೆ, ತಿಂಡಿ ಮುಗಿದರೆ ಭಾಷೆ ಕಲಿಸುವ ಮುನ್ಶಿ ಬರುತ್ತಾರೆ, ಪಾಠ ಶುರು. ಇಂಥ ದಿನಗಳು ಒಂದೆರಡು ತಿಂಗಳಿಗೆ ಮುಗಿಯುತ್ತಿರಲಿಲ್ಲ.

ಆ ಪಾಠ ಎಷ್ಟು ಕಷ್ಟದ್ದು ಎಂದು ಊಹಿಸಲು ಅವರ ಮನೆಮಾತನ್ನು ನೆನೆಯಬೇಕು. ವ್ಯುರ್ಟೆಂಬೆರ್ಗಿನ ಹಳ್ಳಿಯ ಜರ್ಮನ್ ಆಡುಮಾತಿನಲ್ಲಿ ‘ಪ’ ಮತ್ತು ‘ಬ’, ‘ತ’ ಮತ್ತು ‘ದ’ ಬಹಳ ಸಲ ಒಂದರೊಳಗೊಂದು ಬೆರೆತೇ ಕೇಳಿಸುತ್ತವೆ. ಅಂಥ ನಾಲಿಗೆ ತ, ಥ, ದ, ಧ ನಾಲ್ಕನ್ನೂ ಬೇರೆಬೇರೆಯಾಗಿ ಆಡಬೇಕು. ದನ ಎಂದರೆ ಕೊಟ್ಟಿಗೆಯದು, ಧನ ಎಂದರೆ ಪೆಟ್ಟಿಗೆಯದು. ಆಮೇಲೆ ನಾಲಿಗೆಯನ್ನು ಮೇಲಕ್ಕೆ ಮಡಿಸಿ ‘ಟ’, ‘ಡ’, ‘ಣ’, ‘ಳ’. ಬೆಲೆ ಕೇಳಹೋಗಿ ಬೆಳೆ ಕೇಳಬಾರದು. ಮುನ್ಶಿ ಹೇಳಿದ್ದನ್ನು ಹುಡುಗ ಹೇಳುತ್ತಾನೆ, ಮುನ್ಶಿ ತಿದ್ದುತ್ತಾರೆ, ಹುಡುಗ ಮತ್ತೆ ಹೇಳುತ್ತಾನೆ. ಓದಲು ಸಿಗುತ್ತಿದ್ದದ್ದು ಬಹುಮಟ್ಟಿಗೆ ತಾಳೆಗರಿ, ಕೈಬರಹದ ಪ್ರತಿಗಳು. ಮಂಗಳೂರಿನಲ್ಲಾದರೆ ಶಾಲೆಯ ಭಾಷೆ ಒಂದು, ಬೀದಿಯ ಭಾಷೆ ತುಳು, ಎದುರು ಕೂತವರ ಮನೆಮಾತು ಕೊಂಕಣಿಯೂ ಆಗಿರಬಹುದು. ಹಾಗಾಗಿ ಕೆಲವರು ತುಳುವನ್ನೇ ಹಿಡಿದರು. ಅವರಲ್ಲೊಬ್ಬರಾದ ಮೆನ್ನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ ಹೊರಬಂತು.

ಸಂಜೆಯ ಪಾಠ ಬೀದಿಯಲ್ಲಿ. ಸಂತೆ, ಜಾತ್ರೆ, ಬಾವಿಕಟ್ಟೆ, ಅಂಗಡಿ ಜಗಲಿ ಎಲ್ಲೆಂದರಲ್ಲಿ ಮಾತಿಗೆ ನಿಲ್ಲುವುದು, ಕಿವಿಗೆ ಬಿದ್ದದ್ದನ್ನು ರಾತ್ರಿ ಬರೆದಿಡುವುದು. ಕಿಟೆಲ್ ನಿಘಂಟನ್ನು ಬಿಡಿಸಿ ನೋಡಿದರೆ ಈ ಅಭ್ಯಾಸದ ಗುರುತು ಪುಟಪುಟದಲ್ಲೂ ಸಿಗುತ್ತದೆ. ಎಷ್ಟೋ ಪದಗಳ ಮುಂದೆ ಅದು ಮೈಸೂರು ಕಡೆಯದೋ ಧಾರವಾಡ ಕಡೆಯದೋ ಎಂಬ ಗುರುತಕ್ಷರ ಇದೆ. ಅರ್ಥ ಹೇಳಿದ ಮೇಲೆ ಗಾದೆಯೊಂದನ್ನು ಉದಾಹರಣೆಯಾಗಿ ಕೊಟ್ಟದ್ದು ಲೆಕ್ಕವಿಲ್ಲದಷ್ಟು ಕಡೆ. ಹಳಗನ್ನಡ ಕಾವ್ಯದ ಪ್ರಯೋಗ ಮತ್ತು ಹೊಲದಲ್ಲಿ ದುಡಿಯುವವರ ಮಾತು ಒಂದೇ ಪುಟದಲ್ಲಿ ಅಕ್ಕಪಕ್ಕ ಕೂತಿವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಆ ನಿಘಂಟು ಒಂದೇ ಯೋಜನೆಯಿಂದ ಹುಟ್ಟಿದ್ದಲ್ಲ. ಇಪ್ಪತ್ತೊಂದನೆಯ ವಯಸ್ಸಿನಿಂದ ಕೇಳುತ್ತ, ಬರೆದಿಡುತ್ತ ಬಂದದ್ದು ಅದರ ಬುನಾದಿ.

ಶಾಲೆ, ಅಚ್ಚುಕೂಟ, ವರದಿ

ಭಾಷೆ ಹಿಡಿತಕ್ಕೆ ಬಂದವನಿಗೆ ಕೆಲಸ ಕೈತುಂಬ. ಶಾಲೆಯಲ್ಲಿ ಪಾಠ, ಸಭೆಯವರ ಜಗಳ ಪಂಚಾಯ್ತಿ, ರೋಗಿಗಳಿಗೆ ಔಷಧ, ಕಟ್ಟಡದ ಮೇಲ್ವಿಚಾರಣೆ. ಮಳೆ ನಿಂತ ಮೇಲೆ ಎತ್ತಿನ ಗಾಡಿ ಕಟ್ಟಿಕೊಂಡು ಊರೂರು ತಿರುಗಾಟ. ಜಾತ್ರೆಯಲ್ಲಿ ನಿಂತು ಉಪದೇಶ ಮಾಡುವಾಗ ಕೇಳಿದವರೂ ಇದ್ದರು, ವಾದಕ್ಕೆ ನಿಂತವರೂ ಇದ್ದರು, ಕಲ್ಲು ಮಣ್ಣು ಎಸೆದವರೂ ಇದ್ದರು.

ಕೈಕಸುಬು ಬಲ್ಲವರನ್ನೂ ಮಿಶನ್ ಕಳಿಸಿತು. ಮತ ಬದಲಿಸಿದವರಿಗೆ ಜಾತಿಯ ಜೊತೆಗೆ ಕಸುಬೂ ತಪ್ಪಿಹೋಗುತ್ತಿತ್ತು. ಅವರಿಗೊಂದು ದುಡಿಮೆ ಬೇಕಿತ್ತು. ನೇಯ್ಗೆ ಕಾರ್ಖಾನೆ ಬಂದದ್ದು ಹಾಗೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆಯೂ ಹಾಗೇ. ಮಂಗಳೂರು ಹೆಂಚು ಮುಂದೆ ದೇಶದೆಲ್ಲೆಡೆ ಮಾಡುಗಳ ಮೇಲೇರಿತು.

1841ರಲ್ಲಿ ಮಂಗಳೂರಿಗೆ ಕಲ್ಲಚ್ಚು ಬಂತು. ನುಣುಪು ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ನೀರಿನಿಂದ ತೇವ ಮಾಡಿ, ಮಸಿ ಹಚ್ಚಿದ ಉರುಳೆ ಹಾಯಿಸುತ್ತಾರೆ. ಒದ್ದೆ ಕಲ್ಲು ಮಸಿಯನ್ನು ಹತ್ತಿರ ಸೇರಿಸುವುದಿಲ್ಲ, ಜಿಡ್ಡಿನ ಅಕ್ಷರ ಮಾತ್ರ ಹಿಡಿದುಕೊಳ್ಳುತ್ತದೆ. ಕಾಗದ ಒತ್ತಿದರೆ ಪುಟ ಸಿದ್ಧ. ಮೊಳೆ ಎರಕ ಹೊಯ್ಯದೆ, ಕೈಬರಹವನ್ನೇ ಅಚ್ಚು ಮಾಡುವ ಈ ವಿಧಾನ ಒತ್ತಕ್ಷರ ತುಂಬಿದ ಕನ್ನಡಕ್ಕೆ ಚೆನ್ನಾಗಿ ಒಗ್ಗಿತು. 1843ರ ಜುಲೈ 1ರಂದು ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಇದರಲ್ಲೇ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮುಂದೆ ಮೊಗ್ಲಿಂಗ್ ‘ಬಿಬ್ಲಿಯೋತೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕ್ರೈಸ್ತ ಮತ ಸಾರಲು ಬಂದವರು ವೈಷ್ಣವ, ವೀರಶೈವ ಕೃತಿಗಳ ಕರಡು ತಿದ್ದುತ್ತ ಕೂತರು. ಜನರನ್ನು ಅರಿಯದೆ ಉಪದೇಶವಿಲ್ಲ ಎಂದು ಶುರುವಾದ ಓದು ಅವರನ್ನು ಅಷ್ಟು ದೂರ ಕರೆದೊಯ್ದಿತ್ತು.

ರಾತ್ರಿ ದೀಪದ ಬುಡದಲ್ಲಿ ಉಳಿಯುತ್ತಿದ್ದ ಕೆಲಸ ವರದಿ. ದಿನಚರಿ ಬರೆಯಬೇಕು, ಮೂರು ತಿಂಗಳಿಗೊಮ್ಮೆ ಬಾಸೆಲ್‌ಗೆ ವರದಿ ಕಳಿಸಬೇಕು. ಒಂದೇ ಠಾಣೆಯಲ್ಲಿದ್ದ ‘ಸಹೋದರರು’ ಒಬ್ಬರ ನಡತೆಯ ಬಗ್ಗೆ ಇನ್ನೊಬ್ಬರು ಬರೆಯುವುದೂ ಕರ್ತವ್ಯದ ಭಾಗವಾಗಿತ್ತು. ಕೆಲವು ಪತ್ರಗಳು ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಗಿ ಜರ್ಮನ್ ಹಳ್ಳಿಗಳ ಮನೆಗಳಲ್ಲಿ ಓದಿಸಿಕೊಂಡವು. ಈ ಕಣ್ಗಾವಲು ಅನೇಕರನ್ನು ಹಿಂಡಿಹಾಕಿರಬೇಕು. ಅದೇ ಕಟ್ಟಳೆಯಿಂದಾಗಿ ಹತ್ತೊಂಬತ್ತನೆಯ ಶತಮಾನದ ಮಂಗಳೂರು, ಧಾರವಾಡ, ಕೊಡಗಿನ ಬದುಕಿನ ಬಗ್ಗೆ ಅಪಾರ ಬರವಣಿಗೆ ಉಳಿದಿದೆ ಎಂಬುದೂ ನಿಜ.

ಮದುವೆಗೆ ಅಪ್ಪಣೆ

ಬಂದು ಎರಡು ವರ್ಷ ಆಗುವ ತನಕ ಮದುವೆಯ ಮಾತೆತ್ತುವಂತಿಲ್ಲ ಎಂದು 1837ರಲ್ಲೇ ನಿಯಮವಾಗಿತ್ತು. ಆಮೇಲೂ ಕಮಿಟಿಯ ಅಪ್ಪಣೆ ಬೇಕು. ಹುಡುಗಿ ಯಾರು ಎಂಬುದಕ್ಕೂ ಕಮಿಟಿ ಒಪ್ಪಬೇಕು. ಅನೇಕರಿಗೆ ಹುಡುಗಿಯನ್ನು ಹುಡುಕಿಕೊಟ್ಟದ್ದೂ ಊರಿನವರೇ. ತಾನು ಸರಿಯಾಗಿ ನೋಡಿಯೂ ಇರದ ಗಂಡಿಗಾಗಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ತವರು ಬಿಟ್ಟು ಸಮುದ್ರ ದಾಟಿ ಬರುತ್ತಿದ್ದಳು. ಅವಳನ್ನು ‘ಮಿಶನ್ ವಧು’ ಎಂದು ಕರೆಯುತ್ತಿದ್ದರು. ಹಡಗಿಳಿದ ಕೆಲವೇ ದಿನಗಳಲ್ಲಿ ಮದುವೆ. ಮದುವೆಯ ಬೆನ್ನಿಗೇ ಹೆಣ್ಣುಮಕ್ಕಳ ಶಾಲೆ, ಅನಾಥ ಮಕ್ಕಳ ಆರೈಕೆ, ಹೊಲಿಗೆ ಪಾಠದ ಹೊಣೆ. ಗಂಡನ ಹೆಸರಿನ ಕೆಲಸದಲ್ಲಿ ಅವಳ ದುಡಿಮೆ ಸೇರಿಹೋಗುತ್ತಿತ್ತು.

ಅದಕ್ಕಿಂತ ಕಠಿಣವಾದದ್ದು ಮಕ್ಕಳ ಅಗಲಿಕೆ. 1850ರ ದಶಕದಲ್ಲಿ ಬಾಸೆಲ್‌ನಲ್ಲಿ ಮಿಶನರಿಗಳ ಮಕ್ಕಳಿಗೆಂದೇ ವಸತಿಗೃಹ ಶುರುವಾಯಿತು. ಶಾಲೆಯ ವಯಸ್ಸಿಗೆ ಬರುತ್ತಲೇ ಮಕ್ಕಳನ್ನು ಅಲ್ಲಿಗೆ ಕಳಿಸಬೇಕು. ಆರೇಳು ವರ್ಷದ ಮಗು ಹಡಗು ಹತ್ತಿದರೆ ಮತ್ತೆ ಅಪ್ಪ ಅಮ್ಮನನ್ನು ಕಾಣುವುದು ಎಷ್ಟೋ ವರ್ಷಗಳ ಮೇಲೆ. ಇದೇ ಮಿಶನ್ನಿನ, ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. ಬಾಲ್ಯವನ್ನು ಯೂರೋಪಿನಲ್ಲಿ ತಂದೆತಾಯಿಯಿಂದ ದೂರ ಕಳೆದು, 1857ರಲ್ಲಿ ಹದಿಹರೆಯದ ಹುಡುಗಿಯಾಗಿ ಅವರ ಬಳಿಗೆ ಮರಳಿದರು. ಮುಂದೆ ಅವರ ಹೊಟ್ಟೆಯಲ್ಲಿ ಹುಟ್ಟಿದವರು ಕಾದಂಬರಿಕಾರ ಹರ್ಮನ್ ಹೆಸ್ಸೆ. ದೇವರ ಕೆಲಸದ ಹೆಸರಿನಲ್ಲಿ ಮಕ್ಕಳ ಮೇಲೆ ಹೊರಿಸಿದ ಈ ಭಾರವನ್ನು ಯಾವ ಸಾಧನೆಯ ಪಟ್ಟಿಯೂ ಹಗುರ ಮಾಡಲಾರದು.

ಎದುರು ದಿಕ್ಕಿನ ಪಯಣ

ಅತ್ತಣಿಂದ ಇತ್ತ ಬಂದವರಂತೆ ಇತ್ತಣಿಂದ ಅತ್ತ ಹೋದವರೊಬ್ಬರಿದ್ದರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಮಿಶನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಅವರು ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕೆರಳಿತು. ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡರು. ಆನಂದರಾವ್ ಅವರ ಹೆಂಡತಿ ಜೊತೆಗೆ ಬರಲಿಲ್ಲ. ಒಬ್ಬ ಯುವಕನ ನಂಬಿಕೆಯ ಆಯ್ಕೆಗೆ ಒಂದು ಮನೆ ಒಡೆಯಿತು ಎಂಬುದನ್ನು ಮಿಶನ್ನಿನ ಚರಿತ್ರೆ ಓದುವವರು ದಾಟಿ ಹೋಗಬಾರದು.

ಆನಂದರಾವ್ 1846ರಲ್ಲಿ ಬಾಸೆಲ್‌ಗೆ ಹೋಗಿ ಅದೇ ಸೆಮಿನರಿಯಲ್ಲಿ, ಜರ್ಮನ್ ಹುಡುಗರ ಜೊತೆ ಓದಿದರು. 1851ರಲ್ಲಿ ದೀಕ್ಷೆ ಪಡೆದ ಮಿಶನರಿಯಾಗಿ ಮರಳಿ, ಮಂಗಳೂರಿನ ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳಿದರು. ಹೊರನಾಡಿನ ಚಳಿ, ಊಟ, ಭಾಷೆ, ಒಂಟಿತನ ಇವನ್ನೆಲ್ಲ ಅವರೂ ಉಂಡವರು. ಕಿಟೆಲ್, ಮೊಗ್ಲಿಂಗ್ ಅವರನ್ನು ನೆನೆಯುವಷ್ಟೇ ಆಸ್ಥೆಯಿಂದ ನೆನೆಯಬೇಕಾದ ಹೆಸರು ಇದು.

ನಮ್ಮ ಪಾಲಿನ ಕೆಲಸ

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಶನರಿಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುದೇಶದವರಾದರು. ಸೆರೆಯಾಗಿ, ಆಮೇಲೆ ಗಡಿಪಾರಾದರು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಬಾಸೆಲ್‌ನಲ್ಲಿ ಇಂದು ‘ಮಿಶನ್ 21’ ಎಂಬ ಸಂಸ್ಥೆ ಆ ಕಾಲದ ವರದಿ, ಪತ್ರ, ನಕ್ಷೆ, ಫೋಟೊಗಳನ್ನು ಜೋಪಾನ ಮಾಡಿದೆ. ಫೋಟೊಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಗ್ರಂಥಭಂಡಾರವಿದೆ. ಶ್ರೀನಿವಾಸ ಹಾವನೂರರಂಥ ವಿದ್ವಾಂಸರು ಈ ಸಂಗ್ರಹಗಳಲ್ಲಿ ದುಡಿದು ಹೊಸಗನ್ನಡದ ಆರಂಭದ ಕಥೆಯನ್ನು ನಮ್ಮ ಮುಂದಿಟ್ಟರು.

ಮಾಡಬೇಕಾದದ್ದು ಇನ್ನೂ ಬೇಕಾದಷ್ಟಿದೆ. ಕನ್ನಡ ಕಲಿಸಿದ ಮುನ್ಶಿಗಳು, ಪದಗಳ ಅರ್ಥ ಬಿಡಿಸಿ ಹೇಳಿದ ಪಂಡಿತರು, ಕಲ್ಲಚ್ಚಿನ ಮುಂದೆ ನಿಂತು ದುಡಿದವರು, ತಾಳೆಗರಿ ಎರವಲು ಕೊಟ್ಟ ಮನೆಯವರು ಇವರ ಹೆಸರು ಪುಸ್ತಕಗಳ ಮುಖಪುಟಕ್ಕೆ ಬರಲಿಲ್ಲ. ಸಿಗುವುದಾದರೆ ಅವರ ಸುಳಿವು ಸಿಗಬೇಕಾದದ್ದು ಆ ವರದಿಗಳಲ್ಲೇ. ಅವು ಹಳೆಯ ಜರ್ಮನ್ ಕೈಬರಹದಲ್ಲಿವೆ. ಜರ್ಮನ್ ಬಲ್ಲವರಿಗೂ ಆ ಲಿಪಿಯನ್ನು ಬೇರೆಯಾಗಿ ಕಲಿಯದೆ ಓದಲಾಗದು. ಇಪ್ಪತ್ತೊಂದರ ಹುಡುಗನೊಬ್ಬ ಬಂದು ನಮ್ಮ ಒತ್ತಕ್ಷರಗಳನ್ನು ಕಲಿತ. ಇಂದಿನ ನಮ್ಮ ಇಪ್ಪತ್ತೊಂದರ ಹುಡುಗ ಹುಡುಗಿಯರಲ್ಲಿ ನಾಲ್ಕಾರು ಮಂದಿ ಆ ಲಿಪಿ ಕಲಿಯಬೇಕು. ವಿಶ್ವವಿದ್ಯಾಲಯಗಳ ಕನ್ನಡ, ಇತಿಹಾಸ ವಿಭಾಗಗಳು ಅದಕ್ಕೊಂದು ತರಗತಿ, ಒಂದಿಷ್ಟು ವಿದ್ಯಾರ್ಥಿವೇತನ ಏರ್ಪಡಿಸಬೇಕು. ಕಿಟೆಲ್, ಮೊಗ್ಲಿಂಗ್ ಅವರ ಋಣದ ಜೊತೆಗೆ ಅವರಿಗೆ ಕನ್ನಡ ಕಲಿಸಿದವರ ಋಣವನ್ನೂ ತೀರಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣುತ್ತಿಲ್ಲ.